ಬಾಗಲಗುಂಟೆಯ ಪಾರ್ಲರ್ ಅಕ್ಕಂದಿರು

ಬಾಗಲಗುಂಟೆಯಲ್ಲಿ ಭಾನುವಾರ ಮಧ್ಯಾಹ್ನ ಐಬ್ರೋ ಮಾಡಿಸಿಕೊಳ್ಳಬೇಕೆಂದರೆ ಕಾಯಲೇಬೇಕು. ಪಕ್ಕದ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ವಾರಕ್ಕೊಂದೇ ರಜೆ. ಬಟ್ಟೆ ಒಗೆಯುವುದು, ರೇಷನ್ ತರುವುದು, ಊರಿಗೆ ಫೋನ್ ಮಾಡುವುದು, ಪಾರ್ಲರಿಗೆ ಬರುವುದು ಎಲ್ಲವೂ ಅದರಲ್ಲೇ. ಸಂಬಳ ಬಿದ್ದ ಮೇಲಿನ ಮೊದಲ ಭಾನುವಾರವಾದರಂತೂ ಒಳಗೆ ಜಾಗವಿಲ್ಲದೆ ಮೆಟ್ಟಿಲ ಮೇಲೂ ಕೂತಿರುತ್ತಾರೆ. "ಅಕ್ಕ, ಬರೀ ಐಬ್ರೋ, ಬೇಗ ಮಾಡ್ಕೊಟ್ಬಿಡಿ" ಎಂದರೆ, "ಬಾ ಪುಟ್ಟ, ಇನ್ನೊಬ್ರಿದಾರೆ, ಕೂತ್ಕೊ" ಎಂಬ ಉತ್ತರ ಪರದೆಯ ಹಿಂದಿನಿಂದ ಬರುತ್ತದೆ.

ನಮ್ಮ ಕಡೆ ಪಾರ್ಲರ್ ಎಂದರೆ ಬಹುಮಟ್ಟಿಗೆ ಮನೆಯ ಮುಂದಿನ ಕೋಣೆ. ಒಂದು ದೊಡ್ಡ ಕನ್ನಡಿ, ತಲೆ ಹಿಂದಕ್ಕೆ ವಾಲಿಸುವ ಕುರ್ಚಿ, ಫೇಶಿಯಲ್‌ಗೆ ಸ್ಟೀಮರ್, ವ್ಯಾಕ್ಸ್ ಕಾಯಿಸುವ ಹೀಟರ್, ಗೋಡೆಗೆ ಪಂಚಾಂಗದ ಕ್ಯಾಲೆಂಡರ್. ಈ ವೃತ್ತಿಗೆ ಕ್ಯಾಲೆಂಡರ್ ಕತ್ತರಿಯಷ್ಟೇ ಮುಖ್ಯ. ಆಷಾಢದಲ್ಲಿ ಮದುವೆಯಿಲ್ಲ, ಬಾಡಿಗೆ ಕಟ್ಟುವುದೂ ಕಷ್ಟ. ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಕೂದಲಿಗೆ ಕತ್ತರಿ ಹಾಕಿಸಿಕೊಳ್ಳುವವರು ಕಡಿಮೆ. ಮಂಗಳವಾರ ಗಂಡಸರ ಕಟಿಂಗ್ ಶಾಪಿಗಂತೂ ರಜೆಯೇ.

ಐಬ್ರೋ ಚಿಕ್ಕ ಕೆಲಸ ಎಂದುಕೊಳ್ಳುವವರು ಒಮ್ಮೆ ಮಾಡುವವರ ಕಡೆಯಿಂದ ನೋಡಬೇಕು. ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡು ಕೈಬೆರಳುಗಳಲ್ಲಿ. ಕತ್ತು ಬಗ್ಗಿದ್ದೇ ಇರುತ್ತದೆ, ಪ್ರತಿ ಎಳೆತಕ್ಕೂ ತಲೆ ಹಿಂದೆ ಮುಂದೆ ಆಡುತ್ತದೆ. ಒಂದೆರಡು ಕೂದಲು ಹೆಚ್ಚು ಬಂದರೆ ಹುಬ್ಬಿನ ಆಕಾರವೇ ಕೆಟ್ಟು ಇಡೀ ಮುಖ ಬೇರೆಯಾಗಿ ಕಾಣುತ್ತದೆ, ಮತ್ತೆ ಬೆಳೆಯುವವರೆಗೆ ದಾರಿಯಿಲ್ಲ. ಭಾನುವಾರವೆಲ್ಲ ಹೀಗೆ ದುಡಿದವರಿಗೆ ಸೋಮವಾರ ಕತ್ತು ತಿರುಗಿಸಲು ಆಗುವುದಿಲ್ಲ. ನಿಂತೂ ನಿಂತೂ ಕಾಲಿನ ನರ ಉಬ್ಬುವುದು ಬೇರೆ. ಇಷ್ಟಕ್ಕೆ ಸಿಗುವ ದುಡ್ಡು ಒಂದು ಮಸಾಲೆದೋಸೆಯ ಆಸುಪಾಸು. ಅದಕ್ಕೂ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮದುವೆ ಹೆಣ್ಣಿನ ಅಲಂಕಾರದ ಮಾತೇ ಬೇರೆ. ಬೆಳಗಿನ ಮುಹೂರ್ತವಾದರೆ ರಾತ್ರಿ 2 ಗಂಟೆಗೇ ಛತ್ರ ಸೇರಬೇಕು. ಮೊಗ್ಗಿನ ಜಡೆಗೆ ಮಲ್ಲಿಗೆ ಮೊಗ್ಗು ಅರಳುವ ಮುಂಚೆಯೇ ಒಂದೊಂದಾಗಿ ಪೋಣಿಸಿ, ಮುಹೂರ್ತದ ಹೊತ್ತಿಗೆ ಬಾಡದಂತೆ ನೋಡಿಕೊಳ್ಳಬೇಕು. ರೇಷ್ಮೆ ಸೀರೆಯ ನೆರಿಗೆ ಹೋಮದ ಮುಂದೆ ಕೂತು ಎದ್ದರೂ ಜಾರಬಾರದು, ಧಾರೆಯ ಹೊತ್ತಿನ ಕಣ್ಣೀರಿಗೆ ಕಾಡಿಗೆ ಇಳಿಯಬಾರದು. ಹುಡುಗಿ ಹೆದರಿ ಕೂತಿದ್ದರೆ ಸಮಾಧಾನ ಹೇಳುವವರೂ ಇವರೇ. ನನ್ನ ಮಟ್ಟಿಗೆ ಇದು ಪುರೋಹಿತರಷ್ಟೇ ದೊಡ್ಡ ಹೊಣೆ.

ಮದುವೆ ಎಂದಾಗ ಓಲಗದ ನೆನಪು. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಹಗಲು ಕ್ಷೌರದ ಕತ್ತಿ ಹಿಡಿದ ಕೈಗಳೇ ಮದುವೆ ಮನೆಯಲ್ಲಿ ನಾದಸ್ವರ, ಡೋಲು ಹಿಡಿದವು. ಎಷ್ಟೋ ಸವಿತಾ ಸಮಾಜದ ಮನೆಗಳಲ್ಲಿ ಎರಡೂ ವಿದ್ಯೆ ಒಟ್ಟಿಗೇ ಬೆಳೆದವು. ಉತ್ತರ ಕರ್ನಾಟಕದಲ್ಲಿ ಇದೇ ಕಾಯಕದವರು ತಮ್ಮನ್ನು ಹಡಪದ ಅಪ್ಪಣ್ಣನವರ ಪರಂಪರೆಯವರೆಂದು ಹೇಳಿಕೊಳ್ಳುತ್ತಾರೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ಅತ್ಯಂತ ಹತ್ತಿರವಿದ್ದವರು ಅಪ್ಪಣ್ಣ. ಅವರೂ, ಹೆಂಡತಿ ಲಿಂಗಮ್ಮನೂ ವಚನ ಬರೆದವರು. ಇಷ್ಟೆಲ್ಲ ಇದ್ದೂ, ಬೆಳಗ್ಗೆ ಎದುರಿಗೆ ಬಂದರೆ ಅಪಶಕುನ ಎಂಬ ಮಾತನ್ನು ಈ ಜನ ತಲೆತಲಾಂತರ ಕೇಳಬೇಕಾಯಿತು. ನಾಚಿಕೆಗೇಡಿನ ಸಂಗತಿ.

ಪಾರ್ಲರ್ ಬಂದ ಮೇಲೆ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿದೆ. ತಲೆ ಮುಟ್ಟುವ, ಕಾಲು ಉಜ್ಜುವ ಕೆಲಸವನ್ನು ಈಗ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಕಲಿತು ಮಾಡುತ್ತಿದ್ದಾರೆ. ಐಟಿಐಗಳಲ್ಲಿ ಕಾಸ್ಮೆಟಾಲಜಿಯ ಒಂದು ವರ್ಷದ ಕೋರ್ಸೇ ಇದೆ. ಇವರನ್ನು "ಮೇಡಂ" ಎನ್ನುವ ನಾವು, ಪಕ್ಕದ ಬೀದಿಯ ಕಟಿಂಗ್ ಶಾಪಿನ ಹಿರಿಯರನ್ನೂ ಅಷ್ಟೇ ಮರ್ಯಾದೆಯಿಂದ ಮಾತಾಡಿಸುತ್ತೇವೆಯೇ? ಕೊರೊನಾ ಇಬ್ಬರನ್ನೂ ಒಂದೇ ಸಮ ಹೊಡೆಯಿತು. ಮುಟ್ಟದೆ ಮಾಡುವ ಕೆಲಸ ಇದಲ್ಲವಲ್ಲ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಕತ್ತರಿ ನಂಬಿದ ಮನೆಗಳು ರಾಜ್ಯದಲ್ಲಿ ಎಷ್ಟಿವೆ ಎಂಬುದು ಹಲವರಿಗೆ ಅಂದಾಜಾದದ್ದೇ ಆಗ.

ಇನ್ನು ಡಬ್ಬಿ, ಟ್ಯೂಬುಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೇರ್ ಡೈಗೆ ಕಪ್ಪು ಕೊಡುವ ಮುಖ್ಯ ರಾಸಾಯನಿಕ ಪಿಪಿಡಿ. ಬೇಗ ಕಪ್ಪಾಗುವ "ಕಪ್ಪು ಮೆಹಂದಿ"ಯಲ್ಲೂ ಅನೇಕ ಸಲ ಇರುವುದು ಅದೇ. ಕೆಲವರ ಮೈಗೆ ಅದು ಒಗ್ಗುವುದಿಲ್ಲ. ನೆತ್ತಿ ಉರಿದು, ಕಣ್ಣು ಮುಚ್ಚುವಷ್ಟು ಮುಖ ಊದಬಹುದು. ವರ್ಷಗಟ್ಟಲೆ ಅದೇ ಡೈ ಹಾಕಿಸಿಕೊಂಡವರಿಗೂ ಒಂದು ದಿನ ಹೀಗಾಗಬಹುದು. ಹಾಕಿಸಿಕೊಳ್ಳುವವರಿಗೆ ತಿಂಗಳಿಗೊಮ್ಮೆಯಾದರೆ ಹಾಕುವವರ ಕೈಗೆ ದಿನಾ ತಾಗುತ್ತದೆ. ಬೆರಳ ಸಂದಿ ಒಡೆದು ತುರಿಕೆ ಹತ್ತಿ, ಕಲಿತ ವಿದ್ಯೆಯನ್ನೇ ಬಿಡಬೇಕಾಗಿ ಬರುವುದುಂಟು. ಸ್ಟ್ರೈಟನಿಂಗ್‌ನ ಕೆಲವು ಕ್ರೀಮುಗಳಿಂದ, ಇಸ್ತ್ರಿಯ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊಮ್ಮುತ್ತದೆ. ಕಣ್ಣುರಿ, ಕೆಮ್ಮು ಅದರಿಂದಲೇ. ಕಿಟಕಿಯಿಲ್ಲದ ಎಂಟಡಿ ಕೋಣೆಯಲ್ಲಿ ಅದನ್ನು ಇಡೀ ದಿನ ಉಸಿರಾಡುವವರು ಆ ಅಕ್ಕಂದಿರು. ಗರ್ಭಿಣಿಯರಾಗಿದ್ದಾಗಲೂ ಕೆಲಸ ನಿಲ್ಲಿಸಲಾಗದವರು ಅವರಲ್ಲಿ ಎಷ್ಟೋ ಮಂದಿ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಡೈ ಹಾಕಿಸುವ ಎರಡು ದಿನ ಮೊದಲೇ ಹೋಗಿ ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿಸಿಕೊಂಡು 48 ಗಂಟೆ ನೋಡಿ. "ಗ್ಲೌಸ್ ಹಾಕ್ಕೊಳ್ಳಿ ಅಕ್ಕ, ಫ್ಯಾನ್ ಹಾಕಿ, ಕಿಟಕಿ ತೆಗೀರಿ" ಎಂದು ನೀವೇ ಹೇಳಿ. ಆ ಗ್ಲೌಸಿನ ಹತ್ತು ರೂಪಾಯಿ ಬಿಲ್ಲಿಗೆ ಸೇರಿದರೆ ಮಾತಾಡದೆ ಕೊಡಿ.