ಸೀಟಿನ ಮೇಲಿನ ಗೀರು

ಮಗ ತನ್ನ ಹಳೆಯ ಕಾರನ್ನು ಮುಳವಾಡದಲ್ಲಿ ನಮ್ಮ ಬಳಿ ಬಿಟ್ಟುಹೋದ ಮೇಲೆ ಅದರ ಸೀಟುಗಳ ಯೋಗಕ್ಷೇಮ ನನ್ನ ಪಾಲಿಗೆ ಬಂದಿತು. ಚರ್ಮದಂತೆಯೇ ಕಾಣುವ ರೆಕ್ಸಿನ್. ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದ ಅಭ್ಯಾಸದಿಂದ ಇದಕ್ಕೂ ಕೊಬ್ಬರಿ ಎಣ್ಣೆ ತಿಕ್ಕಿದೆ. ಚರ್ಮವಾದರೆ ಎಣ್ಣೆ ಕುಡಿಯುತ್ತದೆ. ಇದು ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್. ನಮ್ಮ ಎರೆಮಣ್ಣಿನ ಧೂಳೆಲ್ಲ ಬಂದು ಅದಕ್ಕೆ ಅಂಟಿಕೊಂಡಿತು. ಆ ಧೂಳಿನ ಮೇಲೆ ಕುಳಿತು ಸರಿದಾಡಿದರೆ ಉಸುಕಿನಿಂದ ತಿಕ್ಕಿದಂತೆಯೇ ಸರಿ.

ಆಮೇಲೆ ಕಲಿತೆ. ಮೊದಲು ಧೂಳು ಝಾಡಿಸಬೇಕು. ಬಳಿಕ ತುಸು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬಾರದು. ಬೇಸಿಗೆಯಲ್ಲಿ ಬೇವಿನ ನೆರಳು ಬೇಕೇ ಬೇಕು. ಪ್ಲಾಸ್ಟಿಕ್ಕನ್ನು ಮೆದುವಾಗಿಡುವ ಅಂಶ ಬಿಸಿಲಿಗೆ ಕ್ರಮೇಣ ಆರಿಹೋಗಿ ಸೀಟು ಬಿರಿಯುತ್ತದೆ. ಇದನ್ನೆಲ್ಲ ಮನೆಮಂದಿಗೆ ಪಾಠದಂತೆ ಒಪ್ಪಿಸುತ್ತಿದ್ದೆ (ನನ್ನ ವಿದ್ಯಾರ್ಥಿಗಳಿಗೆ ಈ ಚಟ ಗೊತ್ತಿದ್ದದ್ದೇ). ಹಿಂದಿನ ಕಿಸೆಯಲ್ಲಿ ಕೀಲಿಕೈ ಇದ್ದವರನ್ನು ಕೂಡಗೊಡುತ್ತಿರಲಿಲ್ಲ.

ಹೋದ ವರ್ಷ ಅಕ್ಕನನ್ನು ಕಣ್ಣು ತೋರಿಸಲು ವಿಜಯಪುರಕ್ಕೆ ಕರೆದೊಯ್ದೆ. ಆಕೆ ಸೀಟಿನ ಅಂಚಿನಲ್ಲಿಯೇ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು.

"ಸರಿಯಾಗಿ ಕೂಡ್ರಬೇ ಅಕ್ಕಾ" ಎಂದೆ.

"ಬ್ಯಾಡೋ ತಮ್ಮಾ, ನನ್ನ ಕಡಗ ಬಡದು ಗೀರ ಬಿದ್ದೀತು. ನೀ ಸಿಟ್ಟಾಗತಿ."

ಚಿಕ್ಕಂದಿನಲ್ಲಿ ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು. ಕಾರನ್ನು ಬದಿಗೆ ನಿಲ್ಲಿಸಿ, ಆಕೆಯ ಕೈಹಿಡಿದು ಹಿಂದಕ್ಕೆ ಸರಿಸಿ ಕೂಡಿಸಿದೆ. ಕಡಗ ತಾಗಿ ಗೀರು ಬಿದ್ದೇ ಬಿದ್ದಿತು.

ಗೀರು ಮುಚ್ಚುವ ಬಣ್ಣ ಸಿಗುತ್ತದೆಂದು ಮಗ ಹೇಳಿದ. ತರುವುದು ಬೇಡವೆಂದೆ.