ಕೂಡಿ ಬಂದ ರಜೆಗಳು, ತುಂಬಿ ಬಂದ ಬಸ್ಸುಗಳು

ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯು 2025ರಲ್ಲಿ ಏಪ್ರಿಲ್ 30ರ ಬುಧವಾರ ಒದಗಿತ್ತು. ಮರುದಿನವೇ ಮೇ 1, ಕಾರ್ಮಿಕರ ದಿನ. ಶುಕ್ರವಾರ, ಶನಿವಾರಗಳಿಗೆ ರಜೆ ಪಡೆದವರಿಗೆ ಭಾನುವಾರದವರೆಗೆ ಐದು ದಿನಗಳ ಬಿಡುವು ದೊರೆಯಿತು. ಜಪಾನ್ ದೇಶದಲ್ಲಿಯೂ ಏಪ್ರಿಲ್ 29ರಿಂದ ಮೇ 5ರೊಳಗೆ ನಾಲ್ಕು ರಾಷ್ಟ್ರೀಯ ರಜೆಗಳು ಕೂಡಿ ಬರುತ್ತವೆ. ಅದನ್ನು ಅಲ್ಲಿಯವರು 'ಸುವರ್ಣ ವಾರ'ವೆಂದು ಕರೆದು, ಕಿಕ್ಕಿರಿದ ರೈಲುಗಳಲ್ಲಿ ತಮ್ಮ ತಮ್ಮ ಊರುಗಳಿಗೂ ಪ್ರವಾಸಕ್ಕೂ ತೆರಳುವರು.

ನಮ್ಮ ಸೀಮೆಯಲ್ಲಿ ಈ ಭಾರವನ್ನು ಹೊರುವುದು ಸಾರಿಗೆ ಬಸ್ಸು. ಶಾಲೆಗಳ ಬೇಸಿಗೆಯ ಬಿಡುವು, ಮದುವೆಯ ಮುಹೂರ್ತಗಳು, 2023ರ ಜೂನ್ 11ರಂದು ಆರಂಭವಾದ ಮಹಿಳೆಯರ ಉಚಿತ ಪ್ರಯಾಣ, ಇವೆಲ್ಲ ಕೂಡಿದ ಮೇಲೆ ನಿಲ್ಲಲೂ ಎಡೆಯಿರುವುದಿಲ್ಲ. ಅಂಥ ದಿನಗಳಲ್ಲಿಯೇ ನಾವು ಹಾವೇರಿಯಿಂದ ಹೊರಟು ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಸಂಚರಿಸಿದೆವು.

ಹಾನಗಲ್ಲಿನಲ್ಲಿ ತಾರಕೇಶ್ವರ ದೇವಾಲಯದ ಕಮಲಾಕಾರದ ಛತ್ತು ನೋಡುವವರ ಕತ್ತನ್ನು ಮೇಲೆತ್ತಿಸುತ್ತದೆ. 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಕುಮಾರ ಶಿವಯೋಗಿಗಳ ವಿರಕ್ತಮಠವೂ ಇದೇ ಊರಿನಲ್ಲಿದೆ. ಶಿಗ್ಗಾಂವಿ ತಾಲೂಕು ಕನಕದಾಸರ ಬಾಡವನ್ನೂ ಶರೀಫರ ಶಿಶುನಾಳವನ್ನೂ ತನ್ನ ಮಡಿಲಲ್ಲಿ ಇರಿಸಿಕೊಂಡಿದೆ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಬೃಹತ್ ವೃಕ್ಷಗಳಿವೆ. 2023ರ ಜುಲೈ ತಿಂಗಳಲ್ಲಿ ಅವುಗಳಲ್ಲೊಂದು ಉರುಳಿದಾಗ ಅದನ್ನು ಕಡಿದೊಯ್ಯದೆ ಮತ್ತೆ ನೆಟ್ಟು ನಿಲ್ಲಿಸಿದರು. ಹಿರೇಕೆರೂರು ತಾಲೂಕಿನ ಅಬಲೂರು ಸರ್ವಜ್ಞನ ಹುಟ್ಟೂರೆಂದು ಜನರ ನಂಬಿಕೆ. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವೂ ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿದೆ.

ಇಷ್ಟೆಲ್ಲ ಸಮೀಪದಲ್ಲಿರಲು, ನಮ್ಮೊಡನೆ ಬಸ್ಸಿನಲ್ಲಿದ್ದ ಎಷ್ಟೋ ಮಕ್ಕಳು ಇವುಗಳ ಹೆಸರನ್ನೇ ಕೇಳಿರಲಿಲ್ಲ. ದೂರದ ಕಡಲತೀರಕ್ಕೆ ಹೊರಟವರಿಗೆ ಹಾದಿಯ ಊರು ಕೇವಲ ಒಂದು ನಿಲ್ದಾಣ.

ಗದ್ದಲದ ನಡುವೆ ಚೀಟಿ ಹರಿಯುತ್ತಿದ್ದ ನಿರ್ವಾಹಕರನ್ನು, "ತಮಗೆ ರಜೆ ಯಾವಾಗ?" ಎಂದು ವಿಚಾರಿಸಿದೆವು. "ಮಂದಿ ರಜಾ ಮುಗದ ಮ್ಯಾಲೆ ನಮ್ಮ ರಜಾ ಬರತೈತ್ರೀ ಅಜ್ಜಾರ" ಎಂದು ನಕ್ಕು ಮುಂದೆ ಸರಿದರು. ಕಾಯಕವನ್ನು ಸಾರಿದ ಅಣ್ಣನವರ ಜಯಂತಿಗೂ ದುಡಿಯುವವರ ದಿನಕ್ಕೂ ಆ ವರ್ಷ ಒಂದೇ ರಾತ್ರಿಯ ಅಂತರ. ಆ ಎರಡು ದಿನವೂ ಅವರಿಗೆ ಬಿಡುವಿಲ್ಲ. ನಮ್ಮ ಬಿಡುವು ನಿಂತಿರುವುದು ಅವರ ಕಾಯಕದ ಮೇಲೆ.

ಸದ್ಭಕ್ತರು ಇದನ್ನು ಮನಗಾಣಬೇಕು. ರಜೆಗಳು ಕೂಡಿ ಬಂದಾಗ ಒಂದು ದಿನವನ್ನಾದರೂ ಸಮೀಪದ ಸ್ಥಳಕ್ಕೆ ಮೀಸಲಿಡಿರಿ, ಮಕ್ಕಳಿಗೆ ಅದರ ಕಥೆ ಹೇಳಿರಿ. ಸಾಧ್ಯವಾದರೆ ಜನಸಂದಣಿ ಇಳಿದ ಮೇಲೆ ಹೊರಡಿರಿ. ಬಸ್ಸು ಹತ್ತಿದಾಗ ಚಿಲ್ಲರೆಯನ್ನು ಸಿದ್ಧವಾಗಿರಿಸಿಕೊಳ್ಳಿರಿ, ವೃದ್ಧರಿಗೂ ಕೂಸು ಹೊತ್ತ ತಾಯಂದಿರಿಗೂ ಎದ್ದು ಸ್ಥಳ ಕೊಡಿರಿ. ಅಣ್ಣನವರ ಜಯಂತಿಯನ್ನು ಪ್ರಯಾಣದಲ್ಲಿಯೂ ಆಚರಿಸುವ ಬಗೆ ಇದು.