ಆಲೆಮನೆಯ ಎಂಜಿನ್ನು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುವ ವೇಳೆಗೆ ಗದ್ದೆಯಂಚಿನ ಚಪ್ಪರಗಳಿಂದ ಆಲೆಮನೆಯ ಹೊಗೆ ಏಳುತ್ತದೆ. ಜೋನಿ ಬೆಲ್ಲದ ಪರಿಮಳವನ್ನು ಬಣ್ಣಿಸಿದವರು ಅನೇಕರು. ಚಪ್ಪರದ ಮೂಲೆಯಲ್ಲಿ ಎಣ್ಣೆ ಮೆತ್ತಿಕೊಂಡು ಗಾಣವನ್ನು ತಿರುಗಿಸುವ ಎಂಜಿನ್ನಿನ ಕಡೆಗೆ ಕಣ್ಣು ಹಾಯಿಸಿದವರು ವಿರಳ. ಅದು ನಿಂತ ದಿನ ಮಾತ್ರ ಎಲ್ಲರ ದೃಷ್ಟಿಯೂ ಅದರ ಮೇಲೆಯೇ.

ನಿಲ್ಲುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರೊಳಗಿನ ಸಕ್ಕರೆಯ ಅಂಶ ಒಡೆಯತೊಡಗುತ್ತದೆ. ಹಿಂಡಿದ ರಸವಂತೂ ಕೆಲವೇ ತಾಸುಗಳಲ್ಲಿ ಹುಳಿಯುತ್ತದೆ. ಒಲೆ ಉರಿಯುತ್ತಿದೆ, ಕೊಪ್ಪರಿಗೆ ಅರ್ಧ ತುಂಬಿದೆ, ಸರದಿಯಲ್ಲಿರುವ ನೆರೆಯವನ ಕಬ್ಬೂ ಅಂಗಳಕ್ಕೆ ಬಂದು ಬಿದ್ದಿದೆ. ಒಂದು ವರ್ಷದ ದುಡಿಮೆ ಒಂದು ಯಂತ್ರದ ಉಸಿರಿಗೆ ಕಟ್ಟುಬಿದ್ದಿರುತ್ತದೆ.

ಕೋಣಗಳು ಸುತ್ತುತ್ತಿದ್ದ ಗಾಣದ ಸ್ಥಾನಕ್ಕೆ ಮೂರು ಉರುಳೆಗಳ ಕಬ್ಬಿಣದ ಗಾಣ ಬಂದಾಗ ಅದಕ್ಕೆ ನಿಧಾನಗತಿಯ ಡೀಸೆಲ್ ಎಂಜಿನ್ನು ಜೊತೆಯಾಯಿತು. ಇಂಥವುಗಳಲ್ಲಿ ಹೆಸರಾಂತದ್ದು ಲಿಸ್ಟರ್ ಮಾದರಿ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ ಹುಟ್ಟಿದ ಈ ಎಂಜಿನ್ನಿನ ತಯಾರಿಕೆ ಅಲ್ಲಿ 1987ರಲ್ಲಿ ನಿಂತರೂ, ಗುಜರಾತಿನ ರಾಜಕೋಟೆಯ ಕುಶಲಿಗರು ಅದರ ಪಡಿಯಚ್ಚುಗಳನ್ನು ನಾಡಿಗೆಲ್ಲ ಹಂಚಿದರು. 6 ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು, ಇಕ್ಕೆಲದಲ್ಲಿ ಎರಡು ಭಾರವಾದ ಗಾಲಿಗಳು. ನಮ್ಮ ನಾಡಿನವರ ಪಾತ್ರವೂ ಈ ಕ್ಷೇತ್ರದಲ್ಲಿ ಸಣ್ಣದಲ್ಲ: ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆಯನ್ನು ಸ್ಥಾಪಿಸಿದ್ದು 1946ರಲ್ಲಿ.

ಎಂಜಿನ್ನು ಸವೆದುದರ ಲಕ್ಷಣಗಳು ಗುಪ್ತವಾಗಿರುವುದಿಲ್ಲ. ಚಳಿಯ ಮುಂಜಾನೆ ಹಿಡಿ ಸುತ್ತಿ ಸುತ್ತಿ ಇಬ್ಬರು ಬಳಲಿದರೂ ಅದು ಏಳದು. ಎದ್ದರೆ ನೀಲಿ ಹೊಗೆ ಕಾರುತ್ತ ಎಣ್ಣೆ ಕುಡಿಯುತ್ತದೆ. ಲೈನರ್, ಪಿಸ್ಟನ್, ರಿಂಗುಗಳನ್ನು ಬದಲಿಸಿ ಇನ್ನೂ ಹಲವು ಹಂಗಾಮು ದುಡಿಸಬಹುದಾದ ಯಂತ್ರವನ್ನು ಗುಜರಿಗೆ ಹಾಕುವುದು ಅವಿವೇಕವೇ ಸರಿ. ಆದರೆ ಕ್ರ್ಯಾಂಕಿನ ದಂಡವೇ ಅಂಡಾಕಾರಕ್ಕೆ ಸವೆದು, ಅದನ್ನು ಮತ್ತೆ ಅರೆದು ಸರಿಪಡಿಸುವ ಅವಕಾಶವೂ ಮುಗಿದಿದ್ದರೆ ಬದಲಿಸದೆ ಗತ್ಯಂತರವಿಲ್ಲ. ಗಾಣ ಮಾತ್ರ ಆಗಲೂ ಗಟ್ಟಿಯಾಗಿಯೇ ಇರುತ್ತದೆ.

ಇಲ್ಲಿಯೇ ರೈತ ಎಡವುವುದು. ಪೇಟೆಗೆ ಹೋಗಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಅಶ್ವಶಕ್ತಿ? ಹಳೆಯದೂ ಆರು, ಹೊಸದೂ ಆರು. ಬೆಲೆ ಕೈಗೆಟಕುವಂಥದು, ಇಬ್ಬರು ಹೊತ್ತು ತರಬಹುದಾದಷ್ಟು ಹಗುರ. ಆದರೆ ಹೊಸದು ತಿರುಗುವುದು ನಿಮಿಷಕ್ಕೆ 1500 ಸುತ್ತು. ಹಳೆಯ ಹತ್ತು ಅಂಗುಲದ ರಾಟೆಯನ್ನೇ ಅದಕ್ಕೆ ತೊಡಿಸಿದರೆ ಗಾಣ ಎರಡು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಓಡಿ, ರಸ ಬಿಡುವ ಮುನ್ನವೇ ಕಬ್ಬನ್ನು ಹೊರಗೆ ಎಸೆಯುತ್ತದೆ. ಹಲ್ಲುಗಾಲಿ ಮುರಿದರೂ ಅಚ್ಚರಿಯಿಲ್ಲ. ಮೊದಲಿನ ವೇಗ ಬೇಕೆಂದರೆ ರಾಟೆ ಸುಮಾರು ನಾಲ್ಕೂ ಕಾಲು ಅಂಗುಲಕ್ಕೆ ಇಳಿಯಬೇಕು. ಅಷ್ಟು ಚಿಕ್ಕ ರಾಟೆಯ ಮೇಲೆ ಚಪ್ಪಟೆ ಪಟ್ಟಿಗೆ ಹಿಡಿತ ಸಾಲದೆ ಜಾರುತ್ತದೆ. ಆದುದರಿಂದ ನಡುವೆ ಇನ್ನೊಂದು ದಂಡವನ್ನು ನಿಲ್ಲಿಸಿ ವೇಗವನ್ನು ಎರಡು ಹಂತಗಳಲ್ಲಿ ತಗ್ಗಿಸುವುದೇ ಲೇಸು.

ವೇಗಕ್ಕಿಂತ ಸೂಕ್ಷ್ಮವಾದದ್ದು ಗಾಲಿಯ ಭಾರ. ಗಂಟುಗಂಟಾದ ನಾಲ್ಕು ಕಬ್ಬುಗಳು ಒಮ್ಮೆಗೇ ಉರುಳೆಗೆ ಸಿಕ್ಕಾಗ ಹಳೆಯ ಎಂಜಿನ್ನು ಒಂದು ಕ್ಷಣ ನರಳಿ ಮುಂದೆ ಸಾಗುತ್ತಿತ್ತು. ಆ ಕ್ಷಣವನ್ನು ದಾಟಿಸುತ್ತಿದ್ದುದು ಗಾಲಿಗಳಲ್ಲಿ ಕೂಡಿಟ್ಟ ಚಲನೆ. ಹಗುರವಾದ ಹೊಸ ಎಂಜಿನ್ನು ಅಲ್ಲಿಯೇ ಉಸಿರುಗಟ್ಟಿ ನಿಲ್ಲುತ್ತದೆ. ನಡುದಂಡಕ್ಕೆ ಒಂದು ಭಾರದ ಗಾಲಿಯನ್ನು ಕೂಡಿಸಿದವರು ಇದನ್ನು ಅರಿತವರು. ಸಾಧ್ಯವಾದಲ್ಲಿ ಮತ್ತೊಂದು ನಿಧಾನಗತಿಯ ಎಂಜಿನ್ನನ್ನೇ ತಂದು ಹಳೆಯ ಬುನಾದಿಯ ಬೋಲ್ಟುಗಳಿಗೆ ಹೊಂದಿಸುವುದು ಇನ್ನೂ ಜಾಣತನ.

ತಿರುಗುವ ದಿಕ್ಕನ್ನೂ ನೋಡಬೇಕು. ವಿರುದ್ಧವಾದರೆ ಚಪ್ಪಟೆ ಪಟ್ಟಿಯನ್ನು ಕತ್ತರಿಯಾಕಾರದಲ್ಲಿ ಅಡ್ಡ ಹಾಯಿಸಿದರಾಯಿತು; ಅದರಿಂದ ರಾಟೆಯ ಮೇಲಿನ ಹಿಡಿತವೂ ಹೆಚ್ಚುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನಾದರೆ ಅದನ್ನು ಒಲೆಯ ಝಳಕ್ಕೂ ಹಾರುವ ಸಿಪ್ಪೆಯ ಧೂಳಿಗೂ ದೂರವಿರಿಸಬೇಕು. ನೀರಿನ ಪೀಪಾಯಿಯ ಪಕ್ಕದಲ್ಲಿ ತಣ್ಣಗೆ ಕುಳಿತಿದ್ದ ಹಳೆಯದಕ್ಕೆ ಈ ಉಪದ್ರವ ಇರಲಿಲ್ಲ.

ಎಲ್ಲವನ್ನೂ ಬಿಗಿದ ಮೇಲೆ ಮೊದಲ ದಿನ ಗಾಣದ ಬಾಯಿಗೆ ಒಂದೊಂದೇ ಕಬ್ಬು ಕೊಡುತ್ತಾರೆ. ಹಿರಿಯನೊಬ್ಬ ಹೊರಬಿದ್ದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಾನೆ. ಹನಿ ಒಸರಿದರೆ ಎಂಜಿನ್ನನ್ನು ನಿಲ್ಲಿಸಿ, ರಾಟೆಯ ಅಳತೆಯನ್ನೂ ಉರುಳೆಯ ಬಿಗಿಯನ್ನೂ ಮತ್ತೊಮ್ಮೆ ನೋಡಲು ಹೇಳುತ್ತಾನೆ.